30 ದಿನಗಳಲ್ಲಿ ಗಾಲ್ಫ್ ಕಲಿಸುತ್ತಾರೆಯೇ? ಕೋಚಿಂಗ್‌ಗೆ ದುಡ್ಡು ಕಟ್ಟುವ ಮುನ್ನ ಇದನ್ನು ಓದಿ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಅಪಾರ್ಟ್‌ಮೆಂಟ್ ಗ್ರೂಪು, ಶಾಲೆಯ ಪೋಷಕರ ಗ್ರೂಪುಗಳಲ್ಲಿ ಕ್ಯಾಂಪ್‌ಗಳ ಜಾಹೀರಾತು ಹರಿದಾಡತೊಡಗುತ್ತವೆ. ಈಜು, ಚೆಸ್, ಸ್ಕೇಟಿಂಗ್ ಜತೆಗೆ ಈಗ ಗಾಲ್ಫ್ ಕೂಡ ಇರುತ್ತದೆ. "30 ದಿನಗಳಲ್ಲಿ ಗಾಲ್ಫ್ ಕಲಿಯಿರಿ", "ಒಂದೇ ತರಗತಿಯಲ್ಲಿ ವ್ಯತ್ಯಾಸ ನೋಡಿ" ಎಂಬ ಸಾಲುಗಳ ಕೆಳಗೆ ಎರಡು ವಿಡಿಯೊ: ಮೊದಲ ದಿನ ಚೆಂಡನ್ನೇ ಮುಟ್ಟದ ಹುಡುಗ, ಕೊನೆಯ ದಿನ ಅದನ್ನು ದೂರಕ್ಕೆ ಅಟ್ಟುತ್ತಿರುತ್ತಾನೆ.

ವಿಡಿಯೊ ನಿಜವೇ ಇರಬಹುದು. ಆದರೆ ಅದು ಕಲಿಕೆಯ ಸಾಕ್ಷಿಯೇ? ಇಂಥ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಕಾಣುವ ನಾಲ್ಕು ಮಾತುಗಳನ್ನು ನಾವು ಪರಿಶೀಲಿಸಿದ್ದೇವೆ.

ಹೇಳಿಕೆ 1: ತರಗತಿಯಲ್ಲೇ ಸುಧಾರಣೆ ಕಂಡರೆ ಕೋಚಿಂಗ್ ಚೆನ್ನಾಗಿದೆ

ಇದು ಅರ್ಧ ಸತ್ಯ. ತರಗತಿಯಲ್ಲಿ ಚೆನ್ನಾಗಿ ಆಡುವುದು ಬೇರೆ, ಕಲಿತದ್ದು ಉಳಿಯುವುದು ಬೇರೆ.

1979ರಲ್ಲಿ ಅಮೆರಿಕದ ಸಂಶೋಧಕರಾದ ಶೇ ಮತ್ತು ಮಾರ್ಗನ್ ಒಂದು ಸರಳ ಪ್ರಯೋಗ ಮಾಡಿದರು. ಸಣ್ಣ ಹಲಗೆಗಳನ್ನು ನಿಗದಿತ ಕ್ರಮದಲ್ಲಿ ಕೈಯಿಂದ ಬೀಳಿಸುವ ಮೂರು ಬಗೆಯ ಕೆಲಸ. ಒಂದು ಗುಂಪು ಒಂದು ಬಗೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಯಿತು. ಇನ್ನೊಂದು ಗುಂಪು ಮೂರನ್ನೂ ಬೆರೆಸಿ ಅಭ್ಯಾಸ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಚುರುಕು. ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಮುಂದಿದ್ದದ್ದು ಬೆರೆಸಿ ಕಲಿತವರು. 1986ರಲ್ಲಿ ಬ್ಯಾಡ್ಮಿಂಟನ್ ಸರ್ವ್ ಮೇಲೆ ನಡೆದ ಅಧ್ಯಯನದಲ್ಲೂ ಬೆರೆಸಿ ಅಭ್ಯಾಸ ಮಾಡಿದವರೇ ನಂತರದ ಪರೀಕ್ಷೆಯಲ್ಲಿ ಮೇಲುಗೈ ಸಾಧಿಸಿದರು.

ಗಾಲ್ಫ್‌ಗೆ ಇದು ನೇರವಾಗಿ ಅನ್ವಯಿಸುತ್ತದೆ. ಡ್ರೈವಿಂಗ್ ರೇಂಜ್‌ನಲ್ಲಿ ಒಂದೇ ಕ್ಲಬ್ ಹಿಡಿದು, ಅಂದರೆ ಚೆಂಡು ಹೊಡೆಯುವ ಒಂದೇ ಕೋಲಿನಿಂದ, ಒಂದೇ ದಿಕ್ಕಿಗೆ ನೂರು ಚೆಂಡು ಹೊಡೆದರೆ ಕೊನೆಯ ಇಪ್ಪತ್ತು ಅದ್ಭುತವಾಗಿ ಹೋಗುತ್ತವೆ. ಮೈದಾನದಲ್ಲಿ ಸತತವಾಗಿ ಒಂದೇ ರೀತಿಯ ಎರಡು ಹೊಡೆತ ಸಿಗುವುದೇ ಅಪರೂಪ. ಮೊದಮೊದಲು ಕ್ಲಬ್ ಹಿಡಿಯುವುದನ್ನು ಕಲಿಯಲು ಒಂದೇ ಹೊಡೆತವನ್ನು ಪದೇ ಪದೇ ಮಾಡಬೇಕು, ನಿಜ. ತಿಂಗಳುಗಟ್ಟಲೆ ಅದನ್ನೇ ಮಾಡಿಸುತ್ತಿದ್ದರೆ ನಿಮಗೆ ಸಿಗುತ್ತಿರುವುದು ಒಳ್ಳೆಯ ವಿಡಿಯೊ ಮಾತ್ರ.

ಹೇಳಿಕೆ 2: ದೂರ ಹೊಡೆಯಲು ಕಲಿಸುವುದೇ ಗಾಲ್ಫ್ ಕಲಿಸುವುದು

ತಪ್ಪು. ಲೆಕ್ಕ ಸರಳವಾಗಿದೆ. 18 ಹೋಲ್‌ಗಳ ಸಾಮಾನ್ಯ ಮೈದಾನವೊಂದರಲ್ಲಿ ಆಟ ಮುಗಿಸಲು ನಿಗದಿಯಾದ ಹೊಡೆತಗಳು, ಅಂದರೆ ಪಾರ್, 72. ಇದರಲ್ಲಿ ಪ್ರತಿ ಹೋಲ್‌ಗೆ ಎರಡರಂತೆ 36 ಹೊಡೆತಗಳು ಹಸಿರು ಹಾಸಿನ ಮೇಲೆ ಚೆಂಡನ್ನು ಉರುಳಿಸುವ ಪಟಿಂಗ್‌ಗೆ ಮೀಸಲು. ಲೆಕ್ಕದ ಅರ್ಧ ಅಲ್ಲೇ ಹೋಯಿತು.

ಬೆಂಗಳೂರಿನ ಅದಿತಿ ಅಶೋಕ್ ಇದಕ್ಕೆ ಒಳ್ಳೆಯ ಉದಾಹರಣೆ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಬಾಲ್ಯದಲ್ಲೇ ಆಟ ಶುರು ಮಾಡಿದ ಅವರು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದರು. ಕಂಚಿಗೂ ಅವರಿಗೂ ಇದ್ದ ಅಂತರ ಒಂದೇ ಹೊಡೆತ. ಅಲ್ಲಿ ದೂರ ಹೊಡೆಯುವುದರಲ್ಲಿ ಅವರು ಬಹುತೇಕರಿಗಿಂತ ಹಿಂದಿದ್ದರು. ಅವರನ್ನು ಪದಕದ ಹತ್ತಿರಕ್ಕೆ ತಂದದ್ದು ಪಟಿಂಗ್.

ಆದ್ದರಿಂದ ಪಟಿಂಗ್ ಗ್ರೀನ್ ಇಲ್ಲದ, ಬರೀ ರೇಂಜ್‌ನಲ್ಲೇ ಮುಗಿಯುವ ಕೋರ್ಸ್‌ಗೆ ಪೂರ್ತಿ ಶುಲ್ಕ ಕೊಟ್ಟು ಅರ್ಧ ಆಟ ಕಲಿತಂತಾಗುತ್ತದೆ.

ಹೇಳಿಕೆ 3: ದುಬಾರಿ ಯಂತ್ರ ಇರುವ ಅಕಾಡೆಮಿಯೇ ಉತ್ತಮ

ಯಂತ್ರ ನಿರುಪಯೋಗಿ ಅಲ್ಲ. ಕ್ಲಬ್ ಚೆಂಡಿಗೆ ತಗಲಿರುವುದು ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಚೆಂಡು ಹೊರಡುವ ದಿಕ್ಕನ್ನು ಹೆಚ್ಚಾಗಿ ನಿರ್ಧರಿಸುವುದು ಕ್ಲಬ್ ಬೀಸಿದ ದಾರಿಯಲ್ಲ, ತಗಲುವ ಕ್ಷಣದಲ್ಲಿ ಕ್ಲಬ್‌ನ ಮುಖ ಎತ್ತ ತಿರುಗಿತ್ತು ಎಂಬುದು. ಹಳೆಯ ಪಾಠಗಳಲ್ಲಿ ಇದನ್ನು ತಿರುವುಮುರುವಾಗಿ ಹೇಳಿಕೊಡುತ್ತಿದ್ದರು. ರೇಡಾರ್ ಯಂತ್ರಗಳು ಬಂದ ಮೇಲೆ ವಿಷಯ ಎಲ್ಲರಿಗೂ ಸ್ಪಷ್ಟವಾಯಿತು.

ಆದರೆ ಪ್ರತಿ ಹೊಡೆತಕ್ಕೂ ಪರದೆ ನೋಡಿ ಅಭ್ಯಾಸವಾದರೆ, ಪರದೆ ಇಲ್ಲದ ಕಡೆ ಆಟಗಾರ ತಬ್ಬಿಬ್ಬಾಗುತ್ತಾನೆ. ಸೂಚನೆ ಕೊಡುವ ರೀತಿಯೂ ಮುಖ್ಯ. 1999ರಲ್ಲಿ ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು ಹೊಸಬರಿಗೆ ಗಾಲ್ಫ್ ಹೊಡೆತ ಕಲಿಸಿ ನೋಡಿದರು. ತಮ್ಮ ತೋಳಿನ ಚಲನೆಯ ಮೇಲೆ ಗಮನವಿಟ್ಟವರಿಗಿಂತ, ಕ್ಲಬ್‌ನ ಚಲನೆಯ ಮೇಲೆ ಗಮನವಿಟ್ಟವರ ಹೊಡೆತ ಹೆಚ್ಚು ನಿಖರವಾಗಿತ್ತು. ಮೊಣಕೈ, ಸೊಂಟ, ಮಂಡಿ ಎಂದು ಒಂದೇ ಉಸಿರಿನಲ್ಲಿ ಐದು ಸೂಚನೆ ಕೊಡುವವರಿಗಿಂತ ಒಂದೇ ಮಾತು ಹೇಳಿ, ಸುಮ್ಮನಿದ್ದು ನೋಡುವ ಕೋಚ್ ಮೇಲು.

ಹೇಳಿಕೆ 4: 10,000 ಗಂಟೆ ಬೆವರು ಸುರಿಸಿದರೆ ಯಾರಾದರೂ ಚಾಂಪಿಯನ್

ತಪ್ಪು. ಈ ಸಂಖ್ಯೆ ಬಂದದ್ದು ಪಿಟೀಲು ವಿದ್ಯಾರ್ಥಿಗಳ ಮೇಲೆ ಆಂಡರ್ಸ್ ಎರಿಕ್ಸನ್ ಮತ್ತಿತರರು 1993ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅದು ಸರಾಸರಿ ಅಂಕಿ, ನಿಯಮವಲ್ಲ. ಅದನ್ನು ನಿಯಮ ಎಂಬಂತೆ ಜನಪ್ರಿಯಗೊಳಿಸಿದ್ದನ್ನು ಎರಿಕ್ಸನ್ ಅವರೇ ಒಪ್ಪಲಿಲ್ಲ.

ಅಮೆರಿಕದ ಡ್ಯಾನ್ ಮೆಕ್‌ಲಾಫ್ಲಿನ್ 2010ರಲ್ಲಿ ಫೋಟೊಗ್ರಾಫರ್ ಕೆಲಸ ಬಿಟ್ಟು, 10,000 ಗಂಟೆ ಗಾಲ್ಫ್ ಅಭ್ಯಾಸ ಮಾಡಿ ವೃತ್ತಿಪರರಾಗಲು ಹೊರಟರು. ಒಳ್ಳೆಯ ಹವ್ಯಾಸಿ ಆಟಗಾರನೇನೋ ಆದರು. ಆದರೆ ಸುಮಾರು 6,000 ಗಂಟೆಗಳ ಹೊತ್ತಿಗೆ ಬೆನ್ನಿನ ತೊಂದರೆಯಿಂದ ನಿಲ್ಲಿಸಬೇಕಾಯಿತು. ಗಾಲ್ಫ್ ಆಟಗಾರರನ್ನು ಹೆಚ್ಚಾಗಿ ಕಾಡುವ ನೋವುಗಳಲ್ಲಿ ಕೆಳಬೆನ್ನಿನದು ಪ್ರಮುಖ. ಬೆಳೆಯುವ ಮಗುವಿಗೆ ದಿನವೂ ನೂರಾರು ಚೆಂಡು ಹೊಡೆಸುವುದನ್ನು ಸಾಧನೆ ಎಂದು ತೋರಿಸುವ ಕಡೆ ಎಚ್ಚರವಿರಲಿ.

ಹಾಗಾದರೆ ಸೇರುವ ಮುನ್ನ ಏನು ಕೇಳಬೇಕು?

• ಕೋಚ್ ತರಬೇತಿ ಎಲ್ಲಿ ಪಡೆದಿದ್ದಾರೆ? ಭಾರತದಲ್ಲಿ ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾ ಕೋಚ್‌ಗಳಿಗೆ ತರಬೇತಿ ಮತ್ತು ಪ್ರಮಾಣಪತ್ರ ನೀಡುತ್ತದೆ. ಚೆನ್ನಾಗಿ ಆಡುವವರೆಲ್ಲ ಚೆನ್ನಾಗಿ ಕಲಿಸುತ್ತಾರೆಂದೇನೂ ಇಲ್ಲ.
• ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು? ಅವರನ್ನು ಎಷ್ಟು ದೂರದಲ್ಲಿ ನಿಲ್ಲಿಸುತ್ತಾರೆ? ಪಕ್ಕದವರು ಬೀಸಿದ ಕ್ಲಬ್ ತಲೆಗೆ ಬಡಿಯುವುದು ಈ ಆಟದಲ್ಲಿ ಮಕ್ಕಳಿಗಾಗುವ ಗಂಭೀರ ಗಾಯಗಳ ಮುಖ್ಯ ಕಾರಣಗಳಲ್ಲೊಂದು.
• ಶುಲ್ಕದಲ್ಲಿ ಚೆಂಡು, ರೇಂಜ್ ಬಾಡಿಗೆ, ಕ್ಲಬ್ ಎಲ್ಲ ಸೇರಿದೆಯೇ? ನಿಯಮದ ಪ್ರಕಾರ ಗರಿಷ್ಠ 14 ಕ್ಲಬ್ ಒಯ್ಯಬಹುದು. ಹೊಸಬರಿಗೆ ಐದಾರು ಸಾಕು. ಮಕ್ಕಳಿಗೆ ಅವರ ಎತ್ತರಕ್ಕೆ ತಕ್ಕ ಕ್ಲಬ್ ಬೇಕು, ಅಪ್ಪನ ಕ್ಲಬ್ ಬೇಡ.
• ಕೋರ್ಸ್ ಮುಗಿದ ಮೇಲೆ ಆಡುವುದು ಎಲ್ಲಿ? ನಮ್ಮಲ್ಲಿ ಹಲವು ಮೈದಾನಗಳು ಸದಸ್ಯರಿಗೆ, ಅವರ ಅತಿಥಿಗಳಿಗೆ ಮಾತ್ರ. ಇದನ್ನು ಮೊದಲೇ ಕೇಳದವರ ಕಲಿಕೆ ರೇಂಜ್‌ಗೇ ನಿಂತುಹೋಗುತ್ತದೆ.
• ಒಂದು ತರಗತಿಗೆ ಮಾತ್ರ ದುಡ್ಡು ಕಟ್ಟಿ ನೋಡಬಹುದೇ? ಮೂರು ತಿಂಗಳ ಶುಲ್ಕವನ್ನು ಇವತ್ತೇ ಕಟ್ಟಿ ಎಂದು ಒತ್ತಾಯಿಸಿದರೆ ಅವಸರ ಬೇಡ.

ಆ ಒಂದು ತರಗತಿಯ ಬಳಿಕ ವಾರ ಬಿಟ್ಟು, ಕೋಚ್ ಇಲ್ಲದ ಕಡೆ ನೀವೋ ನಿಮ್ಮ ಮಗುವೋ ಹೊಡೆದು ನೋಡಿ. ಹೇಳಿಕೊಟ್ಟದ್ದರಲ್ಲಿ ಒಂದಾದರೂ ನೆನಪಿದ್ದು, ಚೆಂಡು ತಪ್ಪಿದಾಗ ಏಕೆ ತಪ್ಪಿತೆಂದು ಊಹಿಸಲು ಬಂದರೆ ಅಲ್ಲಿ ಕಲಿಕೆ ನಡೆಯುತ್ತಿದೆ ಎಂದರ್ಥ.

ಒಟ್ಟಾರೆ: ಕೆಲವೇ ದಿನಗಳಲ್ಲಿ ಚೆಂಡು ಹೊಡೆಯಲು ಬರಬಹುದು ಎಂಬುದು ನಿಜ. 30 ದಿನಗಳಲ್ಲಿ ಗಾಲ್ಫ್ ಕಲಿಯಬಹುದು ಎಂಬುದು ದಾರಿ ತಪ್ಪಿಸುವ ಮಾತು. ಅಂಥ ಜಾಹೀರಾತು ನಿಮ್ಮ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಮೇಲಿನ ಐದು ಪ್ರಶ್ನೆಗಳನ್ನು ಅವರಿಗೇ ಕಳಿಸಿ, ಉತ್ತರ ಬಂದ ಮೇಲೆ ಮುಂದಿನದನ್ನು ಯೋಚಿಸಿ.