ಗಾಜಿನ ಪೆಟ್ಟಿಗೆಯ ಮೊದಲ ಮೂರು ದಿನ

ಕಳೆದ ಚಳಿಗಾಲದಲ್ಲಿ ದೇವರಗುಡ್ಡದಿಂದ ಒಬ್ಬ ದಾದಿಮಾ ನನ್ನ ದವಾಖಾನೆಗೆ ಬಂದಿದ್ದರು. “ಹಕೀಮ್ ಸಾಬ್, ಕೂಸು ಏಳ್ ತಿಂಗಳಿಗೇ ಹುಟ್ಟೈತ್ರಿ. ಗಾಜಿನ ಪೆಟ್ಟಿಗ್ಯಾಗ ಇಟ್ಟಾರ, ನಮಗ ಮುಟ್ಟಾಕ ಕೊಡವಲ್ರು. ಒಂದೀಟು ಘುಟ್ಟಿ ಕೊಡ್ರಿ, ಗಟ್ಟಿ ಆಗ್ಲಿ” ಎಂದರು. ಆ ಮಗುವಿಗೆ ಕೊಡುವಂಥದ್ದು ನನ್ನ ಕಪಾಟಿನಲ್ಲಿ ಏನೂ ಇರಲಿಲ್ಲ. ಹಾಗೆಂದೇ ಹೇಳಿದೆ. ಮುಟ್ಟಲು ಏಕೆ ಬಿಡುವುದಿಲ್ಲ ಎಂಬುದನ್ನು ಮಾತ್ರ ಕೂತು ವಿವರಿಸಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ಕಾಲುವೆಯಲ್ಲಿ ನೀರು ಏರಿದರೆ ತೂಬನ್ನು ತಗ್ಗಿಸುತ್ತೇವೆ, ಇಳಿದರೆ ಎತ್ತುತ್ತೇವೆ. ಹೊಲಕ್ಕೆ ಹರಿಯುವ ನೀರು ಒಂದೇ ಸಮ ಇರುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನ ಮೆದುಳಿನ ರಕ್ತನಾಳಗಳು ಈ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ. ರಕ್ತದೊತ್ತಡ ಹೆಚ್ಚಿದರೆ ಕಿರಿದಾಗುತ್ತವೆ, ಕಡಿಮೆಯಾದರೆ ಹಿಗ್ಗುತ್ತವೆ. ಅವಧಿಗೆ ಬಹಳ ಮುಂಚೆ ಹುಟ್ಟಿದ ಮಗುವಿನಲ್ಲಿ ಈ ತೂಬು ಇನ್ನೂ ಸರಿಯಾಗಿ ಕೂತಿರುವುದಿಲ್ಲ. ಒತ್ತಡ ಏರಿದರೆ ರಕ್ತ ನೇರವಾಗಿ ಮೆದುಳಿಗೆ ನುಗ್ಗುತ್ತದೆ, ಇಳಿದರೆ ಮೆದುಳು ಒಣಗುತ್ತದೆ. ಮೆದುಳಿನ ನಡುವೆ ನೀರು ತುಂಬಿದ ಕುಹರಗಳ ಪಕ್ಕದಲ್ಲಿ ಹೊಸ ಜೀವಕೋಶಗಳು ಹುಟ್ಟುವ ಒಂದು ಜಾಗವಿದೆ. ಅಲ್ಲಿನ ನಾಳಗಳು ಬಹಳ ತೆಳು, ಬೇಗ ಒಡೆಯುತ್ತವೆ. ಹೀಗೆ ರಕ್ತ ಸೋರುವುದು ಹೆಚ್ಚಾಗಿ 32 ವಾರಕ್ಕಿಂತ ಮುಂಚೆ ಹುಟ್ಟಿದ ಮಕ್ಕಳಲ್ಲಿ, ಅದೂ ಮೊದಲ 72 ಗಂಟೆಗಳಲ್ಲಿ.

ಹಲವು ಬಾರಿ ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಅದಕ್ಕೇ ವೈದ್ಯರು ನೆತ್ತಿಯ ಮೇಲಿಟ್ಟು ಸ್ಕ್ಯಾನ್ ಮಾಡುತ್ತಾರೆ, ನೋವಿಲ್ಲ, ಹೆದರಬೇಡಿ. ಸಣ್ಣ ಸೋರಿಕೆ ಸಾಮಾನ್ಯವಾಗಿ ತಾನೇ ಕರಗುತ್ತದೆ. ದೊಡ್ಡದಾದರೆ ತಲೆಯಲ್ಲಿ ನೀರು ತುಂಬಬಹುದು, ಮುಂದೆ ಕಾಲು ಬಿಗಿಯಾಗಿ ನಡಿಗೆ ತಡವಾಗಬಹುದು.

ಚಳಿ, ನೋವು, ಜೋರು ಅಳು, ಕತ್ತನ್ನು ಥಟ್ಟನೆ ತಿರುಗಿಸುವುದು, ಉಸಿರು ನಿಂತು ನಿಂತು ಬರುವುದು, ಇವೆಲ್ಲ ಆ ಒತ್ತಡವನ್ನು ಏರಿಳಿಸುತ್ತವೆ. ಸಿಸ್ಟರ್‌ಗಳು ತಲೆಯನ್ನು ನೇರವಾಗಿಟ್ಟು, ಪದೇಪದೇ ಎತ್ತಬೇಡಿ ಎನ್ನುವುದು ಗತ್ತಿನಿಂದಲ್ಲ.

ಹಾಗಾದರೆ ಅಝಾನ್? ಅನುಮತಿ ಕೇಳಿ, ಮಗುವನ್ನು ಎತ್ತದೆ, ಮೆಲುದನಿಯಲ್ಲಿ ಹೇಳಿ. ತಹ್ನೀಕ್ ಕಾಯಲಿ. ಸುಮಾರು 34 ವಾರದವರೆಗೆ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಒಟ್ಟಿಗೆ ಬರುವುದಿಲ್ಲ. ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಹೋಗಬಹುದು. ಜೇನನ್ನಂತೂ ಯಾವ ಮಗುವಿಗೂ ವರ್ಷ ತುಂಬುವ ಮುಂಚೆ ಕೊಡಬೇಡಿ. ಯುನಾನಿಯವನಾಗಿಯೇ ಇದನ್ನು ಹೇಳುತ್ತಿದ್ದೇನೆ. ಏಳನೇ ದಿನವೇ ತಲೆ ಬೋಳಿಸಬೇಕೆಂಬ ಹಟವೂ ಬೇಡ, ನಿಮ್ಮ ಮೌಲಾನಾರನ್ನು ಕೇಳಿ ಮುಂದೂಡಿ. ಈಗ ಬೇಕಾದದ್ದು ತಾಯಿ ಹಿಂಡಿ ಕೊಡುವ ಗಿಣ್ಣು ಹಾಲು. ಹೇಗೆ, ಎಷ್ಟು ಎಂಬುದನ್ನು ವಾರ್ಡಿನವರು ನೋಡಿಕೊಳ್ಳುತ್ತಾರೆ.

ಆದರೆ ಇದಕ್ಕಿಂತ ದೊಡ್ಡ ಮಾತು ಹೆರಿಗೆಗೆ ಮುಂಚಿನದು. ಹುಟ್ಟಿದ ಮೇಲೆ ಇಂಥ ಮಗುವನ್ನು ಗಾಡಿಯಲ್ಲಿ ಕುಲುಕಿಸಿಕೊಂಡು ಒಯ್ಯುವುದೇ ಮೆದುಳಿಗೆ ಅಪಾಯ. ಒಯ್ಯಲು ತಾಯಿಯ ಹೊಟ್ಟೆಗಿಂತ ಒಳ್ಳೆಯ ಪೆಟ್ಟಿಗೆ ಇಲ್ಲ. ಏಳು, ಎಂಟು ತಿಂಗಳಲ್ಲಿ ನೋವು ಬಂದರೆ, ನೀರು ಹೋದರೆ, ಮಾವ ಹೊಲದಿಂದ ಬರಲಿ, ಮಗ ಬ್ಯಾಡಗಿ ಮಾರ್ಕೆಟ್ಟಿನಿಂದ ಬರಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ನವಜಾತ ಶಿಶುಗಳ ವಿಶೇಷ ಘಟಕ ಇರುವ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ, ವೈದ್ಯರು ಸೂಚಿಸಿದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ, ಹೆರಿಗೆಗೆ ಮುಂಚೆಯೇ ತಲುಪಿ. ಸರ್ಕಾರಿ ಆಸ್ಪತ್ರೆಯಲ್ಲಿ ತಾಯಿಗೂ ಕೂಸಿಗೂ ಚಿಕಿತ್ಸೆ ಉಚಿತ, 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವಿದೆ. ಅಲ್ಲಿ 24ರಿಂದ 34 ವಾರದ ಗರ್ಭಿಣಿಗೆ 12 ಗಂಟೆಗೊಮ್ಮೆ ಒಟ್ಟು 4 ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಡುತ್ತಾರೆ. ಇದು ಕೂಸಿನ ಶ್ವಾಸಕೋಶವನ್ನು ಬಲಪಡಿಸುತ್ತದೆ, ಮೆದುಳಿನ ರಕ್ತಸ್ರಾವವನ್ನೂ ಕಡಿಮೆ ಮಾಡುತ್ತದೆ. “ಹೊಟ್ಟೆಯಲ್ಲಿರುವ ಮಗುವಿಗೆ ಸೂಜಿ ಯಾಕೆ” ಎಂದು ತಡೆಯಬೇಡಿ.

ಮಗು ಸ್ಥಿರವಾಗಿದೆ ಎಂದು ವೈದ್ಯರು ಹೇಳಿದ ಮೇಲೆ ಮುಟ್ಟುವ ಸರದಿ ನಿಮ್ಮದು. ಬರಿ ಎದೆಯ ಮೇಲೆ ಮಗುವನ್ನು ನೆಟ್ಟಗೆ ಮಲಗಿಸಿ ಬಟ್ಟೆಯಿಂದ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ಅದು. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ತಂಡದವರು ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ 2 ಕಿಲೋಗಿಂತ ಹಗುರ ಮಕ್ಕಳಿಗೆ ಇದನ್ನು ರೂಢಿಗೆ ತಂದರು. ದಿನಕ್ಕೆ ಕನಿಷ್ಠ 8 ಗಂಟೆ ಎಂಬುದು ಅಲ್ಲಿನ ಅಳತೆ. ಪರದೆಯ ಚಿಂತೆಯಿದ್ದರೆ ಮುಂದೆ ಗುಂಡಿ ಇರುವ ಸಡಿಲ ಅಂಗಿ ತೊಟ್ಟು ಮೇಲೆ ದುಪಟ್ಟಾ ಹೊದ್ದುಕೊಳ್ಳಿ, ಮಂಚದ ಸುತ್ತ ಪರದೆ ಹಾಕಲು ಸಿಸ್ಟರ್‌ಗೆ ಹೇಳಿ. ತಾಯಿ ದಣಿದರೆ ತಂದೆಯ ಎದೆಯೂ, ದಾದಿಮಾನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ.

ಮನೆಗೆ ಬಂದ ಮೇಲೆ ಎರಡು ವರ್ಷ ತುಂಬುವವರೆಗೆ ಮಕ್ಕಳ ತಜ್ಞರ ತಪಾಸಣೆ ತಪ್ಪಿಸಬೇಡಿ. ತಲೆ ಬೇಗ ದೊಡ್ಡದಾಗುತ್ತಿದ್ದರೆ, ಕಾಲು ಕತ್ತರಿಯಂತೆ ಬಿಗಿಯುತ್ತಿದ್ದರೆ, ಮುಷ್ಟಿ ಬಿಚ್ಚದಿದ್ದರೆ, ಎಣ್ಣೆ ಕೇಳಲು ನನ್ನ ಬಳಿಗೆ ಬರದೆ ಮೊದಲು ಅವರ ಬಳಿಗೆ ಹೋಗಿ.