ಗಾಡಿ ನಂಬರಿನಲ್ಲೇ ವಿಮೆಯ ವಿವರ

ಪ್ರಶ್ನೆ: ಕಾಗದ ತೋರಿಸದಿದ್ದರೂ, ಬರೀ ಗಾಡಿ ನಂಬರಿನಿಂದ ಕಾರಿನ ವಿಮೆಯ ಅವಧಿ ಮುಗಿದಿದೆಯೆಂದು ಸಂಚಾರ ಪೊಲೀಸರಿಗೆ ಹೇಗೆ ತಿಳಿಯುತ್ತದೆ?

ವಿಮಾ ಕಂಪನಿ ಪಾಲಿಸಿ ಕೊಟ್ಟಾಗ ಕಾರಿನ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ವಿಮೆ ಮುಗಿಯುವ ದಿನಾಂಕ ಎಲ್ಲವೂ ಕೇಂದ್ರ ಸಾರಿಗೆ ಸಚಿವಾಲಯದ ‘ವಾಹನ್’ ದಾಖಲೆಗೂ ಸೇರುತ್ತವೆ. ಪೊಲೀಸರು ನಂಬರ್ ಹಾಕಿದಾಗ ಕಾಣುವುದು ಇದೇ ದಾಖಲೆ. ಕೈಯಲ್ಲಿರುವ ಪಾಲಿಸಿ ಪಾಸ್‌ಬುಕ್ಕಿದ್ದಂತೆ. ಅಸಲು ಲೆಕ್ಕ ಇರುವುದು ಬ್ಯಾಂಕಿನ ಖಾತೆಯಲ್ಲಿ. ಎಂಪರಿವಾಹನ್ ಆ್ಯಪ್‌ನಲ್ಲಿ ಮಾಲೀಕರೂ ಇದನ್ನು ನೋಡಬಹುದು. ಹೊಸ ಪಾಲಿಸಿ ಕೆಲವೊಮ್ಮೆ ತಡವಾಗಿ ಕಾಣಿಸುತ್ತದೆ. ನೋಂದಣಿ ಸಂಖ್ಯೆ ತಪ್ಪಾಗಿ ನಮೂದಾಗಿದ್ದರೆ ಕಾಣಿಸುವುದೇ ಇಲ್ಲ. ಆಗ ಕಂಪನಿಯಿಂದಲೇ ತಿದ್ದಿಸಬೇಕು.

ದಿನಾಂಕವೊಂದು ಸರಿಯಿದ್ದರೆ ಸಾಲದು, ಅದು ಯಾವ ವಿಮೆಯದು ಎಂಬುದೇ ಮುಖ್ಯ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ಬೇರೆಯವರಿಗಾದ ಹಾನಿ ಭರಿಸುವ ವಿಮೆ, ಕಡ್ಡಾಯ. ಸ್ವಂತ ಕಾರಿನ ಹಾನಿ ಭರಿಸುವ ಭಾಗ ಹೆಚ್ಚಾಗಿ 1 ವರ್ಷಕ್ಕೇ ಮುಗಿಯುತ್ತದೆ. ಆದ್ದರಿಂದ ಪಾಲಿಸಿಯಲ್ಲಿ ಎರಡೂ ದಿನಾಂಕಗಳನ್ನು ಬೇರೆಬೇರೆಯಾಗಿ ನೋಡಲೇಬೇಕು. ಬಹಳ ಮಂದಿ ಎಡವುವುದು ಇಲ್ಲೇ. ಥರ್ಡ್ ಪಾರ್ಟಿ ವಿಮೆಯಿಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000 ರೂಪಾಯಿ.