ಸಿಹಿ ಅರಿಯದ ಪ್ರಾಣಿಗೆ ಸಕ್ಕರೆ ಕಾಯಿಲೆ

ಹತ್ತು ಹನ್ನೆರಡು ವರ್ಷ ಮನೆಯಲ್ಲಿ ಬಾಳಿದ ಬೆಕ್ಕಿಗೆ ಮಧುಮೇಹವಿದೆ ಎಂದು ಪಶುವೈದ್ಯರು ಹೇಳಿದಾಗ ಸಾಕಿದವರು ಕೇಳುವ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: ಅದಕ್ಕೆ ಎಂದೂ ಸಿಹಿ ಹಾಕಿಲ್ಲವಲ್ಲ, ಸಕ್ಕರೆ ಕಾಯಿಲೆ ಬಂದದ್ದು ಹೇಗೆ? ಸಿಹಿ ತಿಂದದ್ದರಿಂದಲೇ ಈ ರೋಗ ಬರುತ್ತದೆಂಬುದು ಮನುಷ್ಯರ ವಿಷಯದಲ್ಲೇ ಅರೆಬರೆ ಸತ್ಯ. ಬೆಕ್ಕಿನ ವಿಷಯದಲ್ಲಂತೂ ಅದಕ್ಕೆ ಬುಡವೇ ಇಲ್ಲ, ಏಕೆಂದರೆ ಬೆಕ್ಕಿಗೆ ಸಿಹಿಯೆಂಬ ರುಚಿಯೇ ತಿಳಿಯದು. ನಾಲಿಗೆಯ ಮೇಲೆ ಸಿಹಿಯನ್ನು ಗುರುತಿಸುವ ಗ್ರಾಹಕವು ಎರಡು ಪ್ರೋಟೀನುಗಳು ಜೋಡಿಗೂಡಿದಾಗ ಮಾತ್ರ ಕೆಲಸ ಮಾಡುತ್ತದೆ. ಆ ಜೋಡಿಯಲ್ಲಿ ಒಂದನ್ನು ತಯಾರಿಸಬೇಕಾದ ಟ್ಯಾಸ್1ಆರ್2 ಎಂಬ ಜೀನಿನಲ್ಲಿ 247 ಕ್ಷಾರಜೋಡಿಗಳಷ್ಟು ಭಾಗ ಬೆಕ್ಕಿನಲ್ಲಿ ಬಿಟ್ಟುಹೋಗಿದೆಯೆಂದೂ, ಹುಲಿ ಮತ್ತು ಚೀತಾಗಳಲ್ಲೂ ಇದೇ ಊನವಿದೆಯೆಂದೂ ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು. ಬೇಟೆಯ ಮಾಂಸವನ್ನೇ ನೆಚ್ಚಿ ಬದುಕಿದ ವಂಶಕ್ಕೆ ಹಣ್ಣಿನ ಸಿಹಿಯಿಂದ ಆಗಬೇಕಾದ್ದೇನೂ ಇರಲಿಲ್ಲವಾದ್ದರಿಂದ ಕೆಟ್ಟ ಜೀನು ಹಾಗೆಯೇ ಉಳಿದುಕೊಂಡು ಬಂದಿತು. ಪಾಯಸದ ಬಟ್ಟಲನ್ನು ನೆಕ್ಕುವ ಬೆಕ್ಕನ್ನು ತೋರಿಸಿ ಇದನ್ನು ಅಲ್ಲಗಳೆಯುವವರಿದ್ದಾರೆ; ಅದು ನೆಕ್ಕುವುದು ತುಪ್ಪವನ್ನು, ಹಾಲಿನ ಕೆನೆಯನ್ನು; ಬೆಲ್ಲ ಅದರ ಪಾಲಿಗೆ ಇದ್ದರೂ ಇಲ್ಲದಂತೆಯೇ.

ರುಚಿ ತಿಳಿಯದಿದ್ದರೂ ಸಕ್ಕರೆಯಿಲ್ಲದೆ ಯಾವ ದೇಹವೂ ನಡೆಯುವುದಿಲ್ಲ. ಬೆಕ್ಕು ತನಗೆ ಬೇಕಾದ ಗ್ಲೂಕೋಸನ್ನು ಹೆಚ್ಚಾಗಿ ಮಾಂಸದ ಪ್ರೋಟೀನಿನಿಂದಲೇ ತಯಾರಿಸಿಕೊಳ್ಳುತ್ತದೆ, ಮತ್ತು ಅದರ ಯಕೃತ್ತು ಈ ತಯಾರಿಕೆಯನ್ನು ಊಟವಿರಲಿ ಬಿಡಲಿ ಎಡೆಬಿಡದೆ ನಡೆಸುತ್ತಿರುತ್ತದೆ. ವಯಸ್ಸು, ಬೊಜ್ಜು, ಮನೆಯೊಳಗೇ ಮಲಗಿ ಕಳೆಯುವ ಜೀವನ, ದೀರ್ಘಕಾಲ ಕೊಟ್ಟ ಸ್ಟೀರಾಯ್ಡ್ ಔಷಧ ಇವುಗಳಿಂದ ಇನ್ಸುಲಿನ್ನಿನ ಮಾತನ್ನು ಜೀವಕೋಶಗಳು ಕೇಳದಂತಾದಾಗ, ಅದನ್ನು ಸ್ರವಿಸುವ ಮೇದೋಜೀರಕ ಗ್ರಂಥಿ ಮಿತಿಮೀರಿ ದುಡಿದು ಸೋಲುತ್ತದೆ. ಗ್ರಂಥಿಯ ಅದೇ ಕೋಶಗಳು ಇನ್ಸುಲಿನ್ ಜೊತೆಗೆ ಅಮೈಲಿನ್ ಎಂಬ ಇನ್ನೊಂದು ಹಾರ್ಮೋನನ್ನೂ ಹೊರಬಿಡುತ್ತವೆ. ಇದು ಮನುಷ್ಯನಲ್ಲೂ ಬೆಕ್ಕಿನಲ್ಲೂ ಗಟ್ಟಿಯಾಗಿ ಶೇಖರಗೊಂಡು ಕೋಶಗಳನ್ನು ಹಾಳುಮಾಡಬಲ್ಲದು, ಇಲಿಗಳಲ್ಲಿ ಹಾಗಾಗುವುದಿಲ್ಲ. ನಾಯಿಯ ಮಧುಮೇಹ ಇನ್ಸುಲಿನ್ ಪೂರ್ಣವಾಗಿ ನಿಂತುಹೋಗುವ ಬಗೆಯದಾದರೆ, ಬೆಕ್ಕಿನದು ಮನುಷ್ಯರ ಎರಡನೆಯ ಬಗೆಯ ಮಧುಮೇಹವನ್ನು ಹೋಲುವುದಕ್ಕೆ ಇದೂ ಒಂದು ಕಾರಣ.

ರೋಗದ ಲಕ್ಷಣಗಳಲ್ಲಿ ಹೆಚ್ಚು ನೀರು ಕುಡಿಯುವುದು, ಹೆಚ್ಚು ಮೂತ್ರ, ಚೆನ್ನಾಗಿ ತಿಂದರೂ ತೂಕ ಇಳಿಯುವುದು ಎಲ್ಲರಿಗೂ ಗೊತ್ತಿರುವಂಥವು. ಗೊತ್ತಿಲ್ಲದಿರುವುದು ಕಾಲಿನ ಲಕ್ಷಣ. ಆರೋಗ್ಯವಂತ ಬೆಕ್ಕು ಬೆರಳುಗಳ ಮೇಲೆ ನಡೆಯುವ ಪ್ರಾಣಿ. ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿದ ಮಂಡಿಯಂತೆ ಕಾಣುವ ಭಾಗ ನಿಜವಾಗಿ ಅದರ ಹಿಮ್ಮಡಿ, ಅದು ನೆಲಕ್ಕೆ ತಾಗುವುದಿಲ್ಲ. ಸಕ್ಕರೆ ಬಹುಕಾಲ ಏರಿಯೇ ಇದ್ದಾಗ ಹಿಂಗಾಲಿನ ನರಗಳು ಕೆಡುವುದರಿಂದ ಈ ಹಿಮ್ಮಡಿ ಕುಸಿದು, ಬೆಕ್ಕು ಮೊಲದಂತೆ ಇಡೀ ಪಾದವನ್ನು ಊರಿಕೊಂಡು ತೂರಾಡುತ್ತ ನಡೆಯತೊಡಗುತ್ತದೆ, ಕಿಟಕಿಯ ಕಟ್ಟೆಗೆ ಹಾರಲು ಹೋಗಿ ಅರ್ಧಕ್ಕೇ ಜಾರುತ್ತದೆ. ಮನೆಯವರು ಇದನ್ನು ಮುಪ್ಪೆಂದೋ ಸಂಧಿವಾತವೆಂದೋ ಎಣಿಸಿ ಸುಮ್ಮನಾಗುತ್ತಾರೆ. ಆದರೆ ಸಕ್ಕರೆ ಹತೋಟಿಗೆ ಬಂದರೆ ವಾರಗಳಲ್ಲಿ ಅಥವಾ ಕೆಲವು ತಿಂಗಳುಗಳಲ್ಲಿ ಹಿಮ್ಮಡಿ ಮತ್ತೆ ಮೇಲೇಳುವುದುಂಟು; ಮುಪ್ಪಿಗಾದರೆ ಅಂಥ ಹಿಂತಿರುಗುವಿಕೆಯಿಲ್ಲ.

ಸಕ್ಕರೆಯನ್ನು ಅಳೆಯುವ ಕೆಲಸ ಅತ್ಯಂತ ಕುತೂಹಲದ್ದು. ಬುಟ್ಟಿಯಲ್ಲಿ ಹಾಕಿ ಆಸ್ಪತ್ರೆಗೆ ಒಯ್ದ ಬೆಕ್ಕು ಹೆದರಿಕೆಯೊಂದರಿಂದಲೇ ರಕ್ತದ ಸಕ್ಕರೆಯನ್ನು ಏರಿಸಿಕೊಳ್ಳುತ್ತದೆ, ಆರೋಗ್ಯವಂತ ಬೆಕ್ಕಿನಲ್ಲೂ ಅದು ಡೆಸಿಲೀಟರಿಗೆ 300 ಮಿಲಿಗ್ರಾಂ ಮೀರುವುದುಂಟು. ಆದ್ದರಿಂದ ಒಂದೇ ಪರೀಕ್ಷೆಯನ್ನು ನಂಬದೆ, ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ಸೂಚಿಸುವ ಫ್ರಕ್ಟೋಸಮೀನ್ ಎಂಬ, ಸಕ್ಕರೆ ಅಂಟಿದ ರಕ್ತಪ್ರೋಟೀನಿನ ಪ್ರಮಾಣವನ್ನು ವೈದ್ಯರು ನೋಡುತ್ತಾರೆ. ಮನೆಯಲ್ಲಿ ಅಜ್ಜನಿಗೆಂದು ತಂದ ಗ್ಲೂಕೋಮೀಟರಿನಿಂದಲೇ ಬೆಕ್ಕಿನದನ್ನೂ ಅಳೆಯಬಹುದಲ್ಲ ಎಂದು ತೋರುವುದು ಸಹಜ. ಅಳೆಯಬಹುದು, ಆದರೆ ಆ ಅಂಕಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯಿರುತ್ತದೆ. ಮನುಷ್ಯನ ರಕ್ತದಲ್ಲಿ ಗ್ಲೂಕೋಸಿನ ಸುಮಾರು ಶೇ. 58 ಭಾಗ ದ್ರವಾಂಶವಾದ ಪ್ಲಾಸ್ಮಾದಲ್ಲೂ ಉಳಿದದ್ದು ಕೆಂಪು ರಕ್ತಕಣಗಳೊಳಗೂ ಇದ್ದರೆ, ಬೆಕ್ಕಿನಲ್ಲಿ ಸುಮಾರು ಶೇ. 93 ಭಾಗ ಪ್ಲಾಸ್ಮಾದಲ್ಲೇ ಇರುತ್ತದೆ. ಮನುಷ್ಯರ ರಕ್ತಕ್ಕೆ ಹೊಂದಿಸಿದ ಯಂತ್ರ ಈ ಲೆಕ್ಕವನ್ನು ಅರಿಯದು. ಪ್ರಾಣಿಗಳಿಗಾಗಿಯೇ ಹೊಂದಿಸಿದ ಮೀಟರು ಸಿಗದಿದ್ದಲ್ಲಿ ಹಳೆಯದನ್ನೇ ಬಳಸಬಹುದು, ಆದರೆ ಪ್ರತಿಸಲವೂ ಅದೇ ಯಂತ್ರವನ್ನೇ ಬಳಸಿ, ಅದರ ಅಂಕಿಯ ಅರ್ಥವನ್ನು ವೈದ್ಯರಿಂದಲೇ ತಿಳಿಯಬೇಕು. ರಕ್ತಕ್ಕಾಗಿ ಚುಚ್ಚುವ ಸ್ಥಳ ಕಿವಿಯ ಅಂಚು: ಅಂಗೈಯಲ್ಲಿ ಹಿಡಿದು ಕಿವಿಯನ್ನು ಬೆಚ್ಚಗೆ ಮಾಡಿದರೆ ಅಂಚಿನುದ್ದಕ್ಕೂ ಹರಿಯುವ ತೆಳು ರಕ್ತನಾಳ ಎದ್ದು ಕಾಣುತ್ತದೆ, ಸಾಸಿವೆಯಷ್ಟು ರಕ್ತ ಸಾಕಾಗುತ್ತದೆ, ಬಹಳಷ್ಟು ಬೆಕ್ಕುಗಳು ಇದಕ್ಕೆ ಕದಲುವುದೂ ಇಲ್ಲ.

ಚಿಕಿತ್ಸೆಯ ತಿರುಳು ಹನ್ನೆರಡು ಗಂಟೆಗೊಮ್ಮೆ ಚರ್ಮದ ಕೆಳಗೆ ಕೊಡುವ ಇನ್ಸುಲಿನ್. ಬೆಕ್ಕಿನ ಇನ್ಸುಲಿನ್ನಿಗೂ ಮನುಷ್ಯನದಕ್ಕೂ ನಾಲ್ಕು ಅಮೈನೋ ಆಮ್ಲಗಳ ವ್ಯತ್ಯಾಸವಿದ್ದರೂ ಮನುಷ್ಯರಿಗಾಗಿ ತಯಾರಾದ ಗ್ಲಾರ್ಜಿನ್ ಬೆಕ್ಕಿಗೂ ಒಗ್ಗುತ್ತದೆ. ಭಾರತದ ಔಷಧದಂಗಡಿಗಳಲ್ಲಿ ಇಲ್ಲೊಂದು ಬಲೆಯಿದೆ. ಇಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ ಸೀಸೆಗಳೂ 100 ಯೂನಿಟ್ ಇರುವವೂ ಅಕ್ಕಪಕ್ಕದಲ್ಲೇ ಮಾರಾಟವಾಗುತ್ತವೆ. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100 ಯೂನಿಟ್ ಸೀಸೆಯ ಮದ್ದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎರಡು ಯೂನಿಟ್ಟಿನ ಗುರುತಿನವರೆಗೆ ಎಳೆದರೆ ಒಳಗೆ ಬರುವುದು ಐದು ಯೂನಿಟ್, ನಾಲ್ಕು ಕಿಲೋ ತೂಕದ ಮುದಿ ಬೆಕ್ಕಿಗೆ ಅದು ಪ್ರಾಣಕ್ಕೇ ಕುತ್ತು. ಸಕ್ಕರೆ ಕುಸಿದ ಬೆಕ್ಕು ನಿಶ್ಶಕ್ತವಾಗಿ ತೂರಾಡುತ್ತದೆ, ಬಳಿಕ ಸೆಳವು ಬರುತ್ತದೆ. ಅಂಥ ಹೊತ್ತಿನಲ್ಲಿ ಜೇನುತುಪ್ಪವನ್ನೋ ಗ್ಲೂಕೋಸ್ ನೀರನ್ನೋ ಒಸಡಿಗೆ ಸವರಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಈ ಎಚ್ಚರ ಇನ್ನೂ ಒಂದು ಕಾರಣಕ್ಕೆ ಅಗತ್ಯ: ರೋಗ ತಿಳಿದ ಕೂಡಲೇ ಇನ್ಸುಲಿನ್ ಆರಂಭಿಸಿ, ಪಿಷ್ಟ ಕಡಿಮೆಯಿರುವ ಮಾಂಸದ ಆಹಾರ ಕೊಟ್ಟರೆ ಕೆಲವು ಬೆಕ್ಕುಗಳಲ್ಲಿ ಗ್ರಂಥಿ ಚೇತರಿಸಿಕೊಂಡು, ತಿಂಗಳುಗಳ ಬಳಿಕ ಇನ್ಸುಲಿನ್ನೇ ಬೇಡವಾಗುತ್ತದೆ. ಮಧುಮೇಹವೆಂದರೆ ಸಾಯುವ ತನಕ ಸೂಜಿ ಎಂದು ತಿಳಿದವರು ಚೇತರಿಸಿಕೊಂಡ ಬೆಕ್ಕಿಗೂ ಹಳೆಯ ಪ್ರಮಾಣವನ್ನೇ ಚುಚ್ಚುತ್ತ ಹೋಗುವ ಅಪಾಯವಿದೆ. ಸೂಜಿಯ ಬದಲು ಬಾಯಿಗೆ ಹಾಕುವ, ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕಿಸುವ ಬೆಕ್ಸಾಗ್ಲಿಫ್ಲೋಜಿನ್ ಎಂಬ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಡಿಸೆಂಬರಿನಲ್ಲಿ ಒಪ್ಪಿಗೆ ನೀಡಿತಾದರೂ, ಅದು ಹಿಂದೆ ಇನ್ಸುಲಿನ್ ಪಡೆಯದ, ಉಳಿದಂತೆ ಆರೋಗ್ಯವಾಗಿರುವ ಬೆಕ್ಕುಗಳಿಗೆ ಮಾತ್ರ. ಹಲವು ರೋಗಗಳಿಂದ ಜರ್ಜರಿತವಾದ ಮುದಿ ಬೆಕ್ಕಿಗಲ್ಲ.

ಮನೆಮದ್ದಿನ ವಿಷಯದಲ್ಲಿ ನಯವಾಗಿ ಹೇಳಿ ಉಪಯೋಗವಿಲ್ಲ. ಹಾಗಲಕಾಯಿಯ ರಸ, ಮೆಂತ್ಯದ ನೀರು, ಬೇವಿನ ಚಿಗುರು ಇವುಗಳನ್ನು ಬೆಕ್ಕಿನ ಗಂಟಲಿಗೆ ಹೊಯ್ಯುವುದರಿಂದ ಅದು ಮನುಷ್ಯರ ಕೈಯನ್ನೇ ಹೆದರತೊಡಗುತ್ತದೆಯೇ ಹೊರತು ಸಕ್ಕರೆ ಹತೋಟಿಗೆ ಬರುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಲಂಘನವೇ ಪರಮೌಷಧವೆಂಬ ಮಾತನ್ನು ಬೆಕ್ಕಿಗೂ ಅನ್ವಯಿಸುವುದು. ಕೆಲವು ದಿನ ಊಟ ಬಿಟ್ಟ ಬೆಕ್ಕಿನಲ್ಲಿ, ಅದರಲ್ಲೂ ದಪ್ಪಗಿರುವ ಬೆಕ್ಕಿನಲ್ಲಿ, ದೇಹದ ಕೊಬ್ಬು ಕರಗಿ ಯಕೃತ್ತಿಗೆ ನುಗ್ಗಿ, ಅದನ್ನು ಅರಗಿಸಲಾರದೆ ಯಕೃತ್ತೇ ಕೆಟ್ಟು ಕಾಮಾಲೆ ಬರುತ್ತದೆ. ಮಧುಮೇಹದ ಜೊತೆಗೆ ಮೂತ್ರಪಿಂಡಗಳೂ ಸೋಲುತ್ತಿರುವ ಮುದಿ ಬೆಕ್ಕಿನ ಪಥ್ಯ ವೈದ್ಯರಿಗೂ ತಲೆನೋವೇ: ಮಧುಮೇಹಕ್ಕೆ ಹೆಚ್ಚು ಪ್ರೋಟೀನು ಬೇಕು, ಮೂತ್ರಪಿಂಡಕ್ಕಾಗಿ ತಯಾರಾದ ಆಹಾರದಲ್ಲಿ ಪ್ರೋಟೀನೂ ರಂಜಕವೂ ಕಡಿಮೆ. ಇಂಥಲ್ಲಿ ಯಾವ ಪಥ್ಯ ಸರಿಯೆಂಬ ಚರ್ಚೆಗಿಂತ ಬೆಕ್ಕು ಯಾವುದನ್ನು ತಿನ್ನುತ್ತದೆ ಎಂಬುದೇ ಮುಖ್ಯವಾಗುತ್ತದೆ. ಸ್ವಲ್ಪ ಬಿಸಿ ಮಾಡಿದ ಮಾಂಸದ ಆಹಾರದ ವಾಸನೆಗೆ ಮೂಗು ಅರಳಿಸದ ಬೆಕ್ಕು ಕಡಿಮೆ. ನೀರಡಿಕೆ ತೀರದ ಸ್ಥಿತಿಯಲ್ಲಿ ವೈದ್ಯರು ಹೇಳಿಕೊಟ್ಟಂತೆ ಮನೆಯಲ್ಲೇ ಚರ್ಮದಡಿಗೆ ಸಲೈನ್ ಕೊಡಲು ಹಲವರು ಕಲಿಯುತ್ತಾರೆ.

ಇನ್ಸುಲಿನ್ ಇಲ್ಲದಾದಾಗ ದೇಹ ಕೊಬ್ಬನ್ನು ಅಡ್ಡಾದಿಡ್ಡಿಯಾಗಿ ಸುಟ್ಟು ರಕ್ತವನ್ನು ಆಮ್ಲೀಯಗೊಳಿಸುವ ಕೀಟೋಆಸಿಡೋಸಿಸ್ ಎಂಬ ಸ್ಥಿತಿಗೆ ಬೆಕ್ಕು ತಲುಪುತ್ತದೆ, ವಾಂತಿ, ನಿರ್ಜಲತೆ, ಮಂಪರಿನ ನಡುವೆ ಅದರ ಸಾವು ದಿನಗಳ ಕಾಲ ಎಳೆಯಬಹುದು. ಬೆಕ್ಕನ್ನು ಕೊಂದ ಪಾಪಕ್ಕೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ನಂಬಿಕೆಯಿಂದ ದಯಾಮರಣದ ಹೆಸರೆತ್ತಿದರೇ ಕಿವಿ ಮುಚ್ಚಿಕೊಳ್ಳುವ ಮನೆಗಳು, ಅದೇ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಮೀನುಮಾರುಕಟ್ಟೆಯ ಹಿಂದೆ ಬಿಟ್ಟು ಬರಲು ಹಿಂಜರಿಯುವುದಿಲ್ಲ. ಹಾಗೆ ಬಿಟ್ಟುಬಂದ ಇನ್ಸುಲಿನ್ ಅವಲಂಬಿ ಬೆಕ್ಕು ಎಲ್ಲೋ ಬದುಕಿಕೊಳ್ಳುವುದಿಲ್ಲ, ಮೇಲೆ ಹೇಳಿದ ಬಗೆಯಲ್ಲೇ ಸಾಯುತ್ತದೆ. ದಿನಕ್ಕೆರಡು ಸೂಜಿ ಕೊಡುವ ಶಕ್ತಿಯೋ ಹಣವೋ ಇಲ್ಲದವರು, ಅಥವಾ ಎಲ್ಲ ಮಾಡಿದರೂ ತಿನ್ನದ, ಏಳಲಾಗದ ಬೆಕ್ಕನ್ನು ನೋಡುತ್ತಿರುವವರು ಪಶುವೈದ್ಯರೊಡನೆ ದಯಾಮರಣದ ಮಾತನ್ನು ಮುಚ್ಚುಮರೆಯಿಲ್ಲದೆ ಆಡಬೇಕು. ಅರಿವಳಿಕೆಯ ಮದ್ದಿನಿಂದ ಬರುವ ಆ ಸಾವಿಗೆ ಕೆಲವು ನಿಮಿಷಗಳು ಸಾಕು.